ಗುರುಶಾಂತಮ್ಮ ಸಾಕಿದ ಗಂಧಕದ ಜೀವಗಳು

ಗುರುಶಾಂತಮ್ಮನವರ ಸೀರೆಗಳಿಗೆಲ್ಲ ಸಣ್ಣ ಸಣ್ಣ ತೂತುಗಳಿದ್ದವು, ಆಸಿಡ್ ಸಿಡಿದು ಆದವು. ದಾವಣಗೆರೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅವರು ಅಟೆಂಡರ್, ನಾನು ರಸಾಯನಶಾಸ್ತ್ರದ ಮೇಷ್ಟ್ರು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡಿದ್ದರು. ಹರಿಹರದ ಒಂದು ಬಾಡಿಗೆ ಕೋಣೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು.

ಸಂಶೋಧನೆಗೆಂದು ನಮ್ಮಲ್ಲಿಗೆ ಬಂದ ರಶ್ಮಿತಾ ಎಂಬ ಹುಡುಗಿ ಒಂದು ಸೀಸೆ ತಂದಿದ್ದಳು. ಅದರಲ್ಲಿದ್ದದ್ದು ಯಾವುದೋ ದೇಶದ ಬಿಸಿನೀರ ಬುಗ್ಗೆಯ ಸೂಕ್ಷ್ಮಜೀವಿಗಳು. ಆ ಬುಗ್ಗೆಯ ನೀರು ಮುಟ್ಟಿದರೆ ಬೊಬ್ಬೆ ಬರುವಷ್ಟು ಬಿಸಿ, ನಿಂಬೆರಸದಷ್ಟು ಹುಳಿಯಂತೆ. ಇವು ಉಣ್ಣುವುದು ಗಂಧಕ, ಹೊರಹಾಕುವುದು ಗಂಧಕಾಮ್ಲ. ಸೀಸೆಯನ್ನು ಹಗಲಿರುಳೂ ಎಪ್ಪತ್ತೈದು ಡಿಗ್ರಿ ಬಿಸಿನೀರಿನ ಪೆಟ್ಟಿಗೆಯಲ್ಲಿ ಇಟ್ಟಿರಬೇಕಿತ್ತು.

“ಗುರುಶಾಂತಕ್ಕಾ, ದೀಪಾವಳಿ ಮುಗಿಸ್ಕೊಂಡು ಬಂದು ಒಯ್ತೀನಿ. ಅಲ್ಲಿತನಕ ಸಾಯದಂಗೆ ನೋಡ್ಕೊಳ್ರಿ,” ಎಂದು ರಶ್ಮಿತಾ ಹೋದಳು. ಅದು ತೊಂಬತ್ತಾರರ ಮಾತು. ಎರಡು ದೀಪಾವಳಿ ಕಳೆದರೂ ಹುಡುಗಿಯೂ ಇಲ್ಲ, ಕಾಗದವೂ ಇಲ್ಲ.

ಗುರುಶಾಂತಮ್ಮ ಮಾತ್ರ ಕೊಟ್ಟ ಮಾತು ಬಿಡಲಿಲ್ಲ. ಕರೆಂಟ್ ಹೋದರೆ ಕ್ಯಾಂಟೀನಿಗೆ ಓಡಿ ಬಿಸಿನೀರು ತಂದು ಪೆಟ್ಟಿಗೆಗೆ ಸುರಿಯುವರು. ವಾರಕ್ಕೊಮ್ಮೆ ಚಿಟಿಕೆ ಗಂಧಕ ಉದುರಿಸಿ “ಉಣ್ರವ್ವಾ” ಎನ್ನುವರು. ನನ್ನ ನಾಲಿಗೆಗೋ ಎಲುಬಿಲ್ಲ. “ತೊಟ್ಟಿಲಿಗೆ ಹಾಕಿ ಹೆಸರೂ ಇಟ್ಬಿಡ್ರಿ,” ಎಂದು ಕಾಲೆಳೆಯುತ್ತಿದ್ದೆ. ಅವರು ನಕ್ಕು ಗಂಧಕದ ಡಬ್ಬಿ ಮುಚ್ಚುತ್ತಿದ್ದರು.

ತೊಂಬತ್ತೆಂಟರ ದಸರಾಕ್ಕೆ ಹಾವೇರಿಯ ತಮ್ಮ ಅವರನ್ನು ಹಬ್ಬಕ್ಕೆ ಕರೆದ. ಗಂಡ ತೀರಿಕೊಂಡ ಮೇಲಿನ ಹನ್ನೆರಡು ವರ್ಷದಲ್ಲಿ ಅದೇ ಮೊದಲ ಸಲ. ಹೋಗಲೋ ಬ್ಯಾಡವೋ ಎಂದು ಮೂರು ದಿನ ಒದ್ದಾಡಿ, ಕೊನೆಗೆ ಲ್ಯಾಬಿನ ಕೀಲಿ ನನ್ನ ಕೈಗಿಟ್ಟರು.

“ಸಾರ್, ಆ ಪೆಟ್ಟಿಗಿ ಒಂದನ್ನ ಆರಿಸ್ಬ್ಯಾಡ್ರಿ.”

“ನಾನಿದೀನಿ, ಹೋಗಿ ಬರ್ರಿ,” ಎಂದೆ.

ಆಯುಧಪೂಜೆಯ ದಿನ ಲ್ಯಾಬಿನ ಯಂತ್ರಗಳನ್ನೆಲ್ಲ ನಿಲ್ಲಿಸಿ, ಒರೆಸಿ, ವಿಭೂತಿ ಕುಂಕುಮ ಹಚ್ಚಿದೆವು. ಅವತ್ತು ಯಾವ ಯಂತ್ರವೂ ದುಡಿಯಬಾರದು. ಕುಂಬಳಕಾಯಿ ಒಡೆದು ಒಳಗೆ ಬಂದರೆ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು. ಕೊಟ್ಟ ಮಾತು ನಾನು ಮರೆತಿರಲಿಲ್ಲ, ಸುಳ್ಳು ಯಾಕೆ ಹೇಳಲಿ? ಕಾರಹುಣ್ಣಿಮೆಗೆ ಎತ್ತಿಗೂ ಬಿಡುವುಂಟು, ಎರಡು ವರ್ಷ ದುಡಿದ ಈ ಪೆಟ್ಟಿಗೆಗೆ ಒಂದು ದಿನ ಬೇಡವೇ ಎನಿಸಿತು. ಆರಿಸಿ ಕುಂಕುಮವಿಟ್ಟೆ. ಬೆಳಿಗ್ಗೆ ಬಂದು ಹಾಕಿದರಾಯಿತು ಎಂದುಕೊಂಡೆ. ಬೆಳಿಗ್ಗೆ ವಿಜಯದಶಮಿ, ಹೋಳಿಗೆ ಉಂಡು ಮಲಗಿದೆ. ಅದರ ಮರುದಿನ ಗಾಂಧಿ ಜಯಂತಿ, ಕೆ.ಬಿ. ಬಡಾವಣೆಯ ಮನೆ ಬಿಟ್ಟು ಹೊರಡಲೇ ಇಲ್ಲ.

ಶನಿವಾರ ಗುರುಶಾಂತಮ್ಮ ಬನ್ನಿ ಹಿಡಿದು ಬಂದರು. “ಬನ್ನಿ ತಗೊಂಡು ಬಂಗಾರದಂಗಿರ್ರಿ ಸಾರ್,” ಎಂದು ನನ್ನ ಕೈಗೆ ಎಲೆ ಕೊಟ್ಟು, ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು.

“ತಣ್ಣಗೈತಲ್ಲ ಸಾರ್.”

ಪುಸ್ತಕ ತೆಗೆದು ನೋಡಿದ್ದು ಆಮೇಲೆ. ಬಿಸಿ ಇರುವ ತನಕ ಆ ಜೀವಗಳು ಆಮ್ಲವನ್ನು ಮೈಯೊಳಗೆ ಬಿಟ್ಟುಕೊಳ್ಳುವುದಿಲ್ಲ. ತಣ್ಣಗಾದರೆ ತಡೆಯುವ ಶಕ್ತಿ ಹೋಗಿ, ತಾವೇ ಮಾಡಿದ ಆಮ್ಲಕ್ಕೆ ಸಾಯುತ್ತವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಗುರುಶಾಂತಮ್ಮ ಪೆಟ್ಟಿಗೆ ಬಿಸಿ ಮಾಡಿ ಹದಿನೈದು ದಿನ ಕಾದರು. ಹಾಕಿದ ಗಂಧಕ ಹಾಕಿದಂತೆಯೇ ಹಳದಿಯಾಗಿ ತೇಲುತ್ತಿತ್ತು. ಹದಿನಾರನೆಯ ದಿನ ಸೀಸೆ ತೊಳೆದು ಬೋರಲು ಹಾಕಿದರು. ನನಗೆ ತಡೆಯಲಾಗಲಿಲ್ಲ.

“ತಪ್ಪು ನಂದು. ಬೈದಾದ್ರೂ ಬಿಡ್ರಿ.”

“ದೇವ್ರ ಕೆಲಸ ಮಾಡೀರಿ, ಹೆಂಗ್ ಬೈಲಿ ಸಾರ್?” ಎಂದರು. ಕೈ ಒರೆಸಿಕೊಂಡು ಕೇಳಿದರು: “ಇನ್ಮ್ಯಾಲೆ ಭಾನುವಾರ ನಾನು ಏನ್ ಮಾಡ್ಲಿ?”

ಆ ಎರಡು ವರ್ಷ ಭಾನುವಾರವೂ ಅವರು ಹರಿಹರದಿಂದ ಬಂದು, ಆ ಸೀಸೆಯ ಪಕ್ಕ ಕೂತು ಬುತ್ತಿ ಬಿಚ್ಚಿ ಉಂಡು ಹೋಗುತ್ತಿದ್ದರಂತೆ. ನನಗೆ ಗೊತ್ತಾದದ್ದು ಅವತ್ತೇ.