ಹಲಸಿನ ಬೆಣೆ

ಮಳೆ ಹಿಡಿಯುವ ಮೊದಲಿನ ವಾರ ಪುತ್ತೂರಿನ ಬಾಡಿಗೆ ಕಾರುಗಳೆಲ್ಲ ಬೊಳುವಾರಿನ ಹೈದರ್ ಬ್ಯಾರಿಯವರ ಶೆಡ್ಡಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಕಾಲವೊಂದಿತ್ತು. ಅವರು ಒಂದೊಂದೇ ಬಾಗಿಲಿನ ಒಳಹಲಗೆ ಬಿಚ್ಚಿ, ಗಾಜನ್ನು ಏರಿಸಿ ಇಳಿಸುವ ಮಿಶನನ್ನು ಹೊರಗೆ ತೆಗೆಯುತ್ತಿದ್ದರು. ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಹಚ್ಚಿ, ಕಾರಿನ ನಂಬರು ಬರೆದ ಚೀಟಿ ಕಟ್ಟಿ ಡಬ್ಬದಲ್ಲಿ ಇಡುತ್ತಿದ್ದರು. ಆಮೇಲೆ ಗಾಜನ್ನು ಪೂರ್ತಿ ಮೇಲಕ್ಕೆತ್ತಿ, ಅದರ ಕೆಳಗೆ ಹಲಸಿನ ಮರದ ಬೆಣೆಯೊಂದನ್ನು ಬಡಿದು, ಹಲಗೆ ಮುಚ್ಚುತ್ತಿದ್ದರು. ಡ್ರೈವರನ ಕಡೆಯ ಗಾಜನ್ನು ಮಾತ್ರ ಮುಟ್ಟುತ್ತಿರಲಿಲ್ಲ. ತಿರುವಿನಲ್ಲಿ ಕೈ ತೋರಿಸಲು ಅದು ಬೇಕು. ದೀಪಾವಳಿಯ ಹೊತ್ತಿಗೆ ಕಾರು ಮತ್ತೆ ಬರುತ್ತಿತ್ತು. ಬೆಣೆ ಹೊರಗೆ, ಮಿಶನು ಒಳಗೆ. ಮಳೆಗಾಲದ ನೀರಿಗೆ ಮಿಶನಿನ ಹಲ್ಲು ತುಕ್ಕು ಹಿಡಿಯುವ ಭಯವಿಲ್ಲ. ಈ ಊರಿನ ಮಳೆಯಲ್ಲಿ ಗಾಜು ಇಳಿಸುವವರಾದರೂ ಯಾರು?

ಈ ಉಪಾಯವನ್ನು ಅವರು ಮೊದಲು ಮಾಡಿದ್ದು ತಮ್ಮ ಶೆಡ್ಡಿನಲ್ಲಲ್ಲ, ರಸ್ತೆಯ ಆಚೆ ಬದಿಯ ಅಬ್ಬಾಸರ ಶೆಡ್ಡಿನಲ್ಲಿ. ಸ್ಪ್ಯಾನರ್ ಹಿಡಿಯುವುದನ್ನು ಅಬ್ಬಾಸರೇ ಅವರಿಗೆ ಕಲಿಸಿದ್ದು. ಹದಿನಾಲ್ಕು ವರ್ಷ ಅಲ್ಲಿ ದುಡಿದ ಹೈದರ್ ಮಧ್ಯಾಹ್ನದ ಊಟಕ್ಕೆ ಆ ಮನೆಯ ಅಡುಗೆಮನೆಗೇ ಹೋಗಿ ಕೂರುತ್ತಿದ್ದರು. ಅಬ್ಬಾಸರ ಹೆಂಡತಿ ಅಲೀಮಮ್ಮ ಪಾತ್ರೆಯ ತಳದ ಮೀನನ್ನು ಅವರಿಗೆಂದೇ ತೆಗೆದಿಡುತ್ತಿದ್ದರು. ಅಂಥ ಮನೆ ಒಂದು ದಿನದ ಮಾತಿನಿಂದ ದೂರವಾಯಿತು.

ಆ ದಿನ ಮಸೀದಿಯಿಂದ ಬಂದ ಅಬ್ಬಾಸರು, ಬಾಗಿಲಿನ ಹೊಟ್ಟೆಯೊಳಗೆ ಮರದ ತುಂಡು ಬಡಿಯುತ್ತಿದ್ದ ಶಿಷ್ಯನನ್ನು ನೋಡಿದರು.

"ಇದೆಂತ ಮೋನೇ ಮಾಡುದು?" ಮಗನೇ ಎಂದೇ ಅವರು ಹೈದರರನ್ನು ಕರೆಯುತ್ತಿದ್ದುದು.

"ಮಳೆಗಾಲ ಕಳೆಯುವವರೆಗೆ ಅಬ್ಬಾಸಾಕ. ಮಿಶನು ಹಾಳಾಗುದಿಲ್ಲ."

"ಹಾಳಾದರೆ ಸರಿ ಮಾಡ್ಲಿಕ್ಕೆ ಅಲ್ವಾ ನಾವು ಇರುದು? ನೀನು ಮೆಕ್ಯಾನಿಕ್ ಅಲ್ಲ ಮಾರಾಯ, ಬಡಗಿ. ನಾಳೆ ಟಯರನ್ನೂ ಮರದಲ್ಲೇ ಕೆತ್ತುದಾ?"

ಬೀಡಿ ಸೇದುತ್ತಾ ನಿಂತಿದ್ದ ಡ್ರೈವರುಗಳೆಲ್ಲ ಗೊಳ್ಳೆಂದು ನಕ್ಕರು. ಸಂಜೆಯೊಳಗೆ ಬಸ್ ಸ್ಟ್ಯಾಂಡಿನವರೆಗೂ 'ಬಡಗಿ ಬ್ಯಾರಿ' ಎಂಬ ಹೆಸರು ಹೋಯಿತು. ಮರುವಾರ ಹೈದರ್ ರಸ್ತೆಯ ಈಚೆ ಬದಿಗೆ ತಗಡು ಹೊದೆಸಿ ತಮ್ಮದೇ ಶೆಡ್ಡು ಹಾಕಿದರು. ನಕ್ಕ ಡ್ರೈವರುಗಳೇ ಬೆಣೆ ಹಾಕಿಸಲು ಅವರಲ್ಲಿಗೆ ಬಂದರು. ಗಿರಾಕಿಗಳು ಬಂದರೂ ಆ ಹೆಸರು ಹೋಗಲಿಲ್ಲ. ನಾಲ್ಕು ವರ್ಷ ಇಬ್ಬರೂ ಎದುರೆದುರು ಕೆಲಸ ಮಾಡಿದರು, ಮಾತಾಡಲಿಲ್ಲ.

೧೯೫೬ರ ಜೂನ್‌ನಲ್ಲಿ ಅಬ್ಬಾಸರು ಹಜ್ಜಿಗೆ ಹೊರಡುವ ಸುದ್ದಿ ಬಂತು. ಹಾಗೆ ಹೊರಡುವವರು ಮೊದಲು ಮನೆಮನೆಗೆ ಹೋಗಿ, ಯಾರನ್ನಾದರೂ ನೋಯಿಸಿದ್ದರೆ ಕ್ಷಮೆ ಕೇಳಬೇಕು. ಮನುಷ್ಯರ ಋಣ ತೀರದೆ ಆ ಪ್ರಯಾಣ ಪೂರ್ತಿಯಾಗದು ಎಂಬ ನಂಬಿಕೆ. ಅಬ್ಬಾಸರು ಕಬಕಕ್ಕೆ ಹೋದರು, ಉಪ್ಪಿನಂಗಡಿಗೆ ಹೋದರು, ಹಿಂದೊಮ್ಮೆ ಜಗಳಾಡಿದ್ದ ಕಮ್ಮಾರನ ಮನೆಗೂ ಹೋದರು. ರಸ್ತೆ ಮಾತ್ರ ದಾಟಲಿಲ್ಲ.

ಹೈದರರ ಹೆಂಡತಿ ನಫೀಸಮ್ಮ ದಿನವೂ ಕೇಳುತ್ತಿದ್ದರು, "ನೀವೇ ಹೋದರೆ ಎಂತ ಕಡಿಮೆ ಆಗುದು?"

"ಮಾತಾಡಿದ್ದು ಅವರು. ಅವರೇ ಬರಲಿ."

"ಬಂದರೆ?"

"ಬಂದರೆ ಎಂತ, ನಾನು ಬೇಡ ಅಂತೇನೆಯಾ? ಚಾ ಮಾಡಿಡು."

ಪ್ರತಿ ಸಂಜೆ ಸಕ್ಕರೆ ಡಬ್ಬ ಕೆಳಗಿಳಿಯುತ್ತಿತ್ತು ಎಂದು ನಫೀಸಮ್ಮ ಈಗಲೂ ಹೇಳುತ್ತಾರೆ. ಮನಸ್ಸಿನಲ್ಲಿ ಹೈದರ್ ಎಂದೋ ಕ್ಷಮಿಸಿಯಾಗಿತ್ತು. ಕೇಳಲು ಒಬ್ಬರು ಬರಬೇಕಿತ್ತು, ಅಷ್ಟೆ.

ಅಬ್ಬಾಸರು ಹೊರಡುವುದಕ್ಕೆ ಎರಡು ದಿನ ಮೊದಲು ಬಾಡಿಗೆ ಕಾರಿನ ಜತ್ತಪ್ಪ ಬಂದ. ಹಿಂದಿನ ಎಡಬಾಗಿಲಿನ ಗಾಜು ದಡ್ಡೆಂದು ಒಳಗೆ ಬಿದ್ದಿತ್ತು.

"ನಾಡಿದ್ದು ಮಂಗಳೂರು ರೈಲಿಗೆ ಬಾಡಿಗೆ ಉಂಟು ಮಾರಾಯ್ರೆ. ಹಜ್ಜಿನವರು. ನೀರು ಒಳಗೆ ಬಂದರೆ ನನ್ನ ಮರ್ಯಾದೆ ಹೋಗುದು."

ಯಾರ ಬಾಡಿಗೆ ಎಂದು ಹೈದರ್ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಹಲಗೆ ಬಿಚ್ಚಿ ನೋಡಿದರು. ಅರ್ಧಚಂದ್ರದ ಹಾಗಿರುವ ಪಟ್ಟಿಯಲ್ಲಿ ಮೂರು ಹಲ್ಲು ಸವೆದಿದ್ದವು, ಸ್ಪ್ರಿಂಗು ತುಂಡಾಗಿತ್ತು. ಒಂದು ದಿನ ಕುಳಿತರೆ ಹಿತ್ತಾಳೆ ತುಂಬಿ ಹಲ್ಲು ಕಟ್ಟಬಹುದಿತ್ತು, ಹಳೆಯ ಸ್ಪ್ರಿಂಗೊಂದನ್ನು ಹೊಂದಿಸಬಹುದಿತ್ತು. ಆ ಕೆಲಸವನ್ನೂ ಅಬ್ಬಾಸರೇ ಕಲಿಸಿದ್ದರು. ಹೈದರ್ ಮಿಶನು ತೆಗೆದಿಟ್ಟು ಬೆಣೆ ಎತ್ತಿಕೊಂಡರು. ಈ ಬಾಗಿಲಿನಲ್ಲಿ ಜಾಗ ಸಾಲಲಿಲ್ಲ. ಒಳಗಿನಿಂದ ಚಿಲಕ ತೆರೆಯುವ ಸರಳನ್ನೂ ಕಳಚಿದರು, ಗಾಜಿನ ಹ್ಯಾಂಡಲನ್ನು ನೋಟಕ್ಕೆ ಮಾತ್ರ ಹಲಗೆಗೆ ಸಿಕ್ಕಿಸಿದರು.

"ಒಳಗೆ ಕೂತವರು ಇಳಿಯುದು ಹೇಗೆ?"

"ನೀನು ಇಳಿದು ಹೊರಗಿನಿಂದ ತೆರೆ. ಕಲೆಕ್ಟರನ ಹಾಗೆ ಆಯ್ತಲ್ಲ ಅವರಿಗೆ!"

ಜತ್ತಪ್ಪ ನಕ್ಕು ಹೋದ.

ಶುಕ್ರವಾರ ಬೆಳಗ್ಗೆ ಆಕಾಶವೇ ಕಳಚಿಬಿದ್ದ ಹಾಗೆ ಮಳೆ. ಆಚೆ ಬದಿಯಲ್ಲಿ ಕೊಡೆಗಳು ಗುಂಪಾದವು. ಕಾರಿನ ಮೇಲೆ ಹಾಸಿಗೆ ಸುರುಳಿಗೆ ಟಾರ್ಪಾಲು ಕಟ್ಟಿದರು. ಬಿಳಿ ಮುಂಡಾಸಿನ ಅಬ್ಬಾಸರು ಹಿಂದಿನ ಸೀಟಿನಲ್ಲಿ ಎಡಕ್ಕೆ ಕೂತರು, ಪಕ್ಕದಲ್ಲಿ ಇಬ್ಬರು ನೆಂಟರು ಒತ್ತಿಕೊಂಡರು. ಹೈದರ್ ತಮ್ಮ ಶೆಡ್ಡಿನ ಸೂರಿನಡಿ ಸ್ಪ್ಯಾನರ್ ಹಿಡಿದು ನಿಂತಿದ್ದರು, ಮಾಡಲು ಕೆಲಸವೇನೂ ಇರಲಿಲ್ಲ.

ಹೊರಟ ಕಾರು ಅಲ್ಲೇ ತಿರುಗಿ ಬಂದು ಅವರ ಎದುರಿಗೇ ನಿಂತಿತು. ನಾಲ್ಕು ಹೆಜ್ಜೆ ದೂರ.

ಅಬ್ಬಾಸರು ಗಾಜಿನ ಹ್ಯಾಂಡಲ್ ತಿರುಗಿಸಿದರು. ಅದು ಬರಿದೇ ತಿರುಗಿತು. ಮತ್ತೆ ತಿರುಗಿಸಿದರು. ಚಿಲಕ ಎಳೆದರು. ಆಮೇಲೆ ಗಾಜಿಗೆ ಮುಖ ತಂದು, ಎದೆಯ ಮೇಲೆ ಕೈಯಿಟ್ಟು ಮಾತಾಡತೊಡಗಿದರು. ತುಟಿಗಳು ಬಹಳ ಹೊತ್ತು ಆಡಿದವು. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಒಂದು ಶಬ್ದವೂ ಈಚೆ ಬರಲಿಲ್ಲ.

ಆ ಗಾಜು ಇಳಿಯದು, ಆ ಬಾಗಿಲು ಒಳಗಿನಿಂದ ತೆರೆಯದು. ಹೊರಗೆ ನಿಂತವರಲ್ಲಿ ಇದು ಗೊತ್ತಿದ್ದದ್ದು ಹೈದರರೊಬ್ಬರಿಗೆ. ನಾಲ್ಕು ಹೆಜ್ಜೆ ಇಟ್ಟು ಹಿಡಿ ಎಳೆದರೆ ಸಾಕಿತ್ತು. ಅವರು ಇಡಲಿಲ್ಲ. ಆಚೆ ಕಡೆಯಿಂದ ಇಳಿದು ಸುತ್ತಿ ಬರಲಿ, ನಾಲ್ಕು ವರ್ಷ ಕಾದವನಿಗೆ ಅಷ್ಟಾದರೂ ಸಲ್ಲಬೇಡವೇ ಎಂದು ಒಂದು ಗಳಿಗೆ ಅನಿಸಿತಂತೆ. ಒಂದೇ ಗಳಿಗೆ. ಹಿಂದೆ ನಿಂತ ಬಸ್ಸು ಹಾರನ್ ಬಾರಿಸಿತು. ಅಬ್ಬಾಸರು ಕಣ್ಣೊರೆಸಿಕೊಂಡು ಸೀಟಿಗೆ ಒರಗಿದರು. ಎದುರಿನ ಗಾಜಿನ ಆವಿ ಒರೆಸುತ್ತಾ ಹಿಂದೆ ನೋಡದಿದ್ದ ಜತ್ತಪ್ಪ, ಮಾತು ಮುಗಿಯಿತೆಂದುಕೊಂಡು ಗೇರು ಹಾಕಿದ. ಹೈದರ್ ರಸ್ತೆಗಿಳಿದಾಗ ಅಲ್ಲಿ ಬಸ್ಸಿತ್ತು.

ಅಬ್ಬಾಸರು ಊರಲ್ಲಿಲ್ಲದ ಮೂರು ತಿಂಗಳಲ್ಲಿ ಹೈದರ್ ಒಂದು ಬೆಣೆಯನ್ನೂ ಬಡಿಯಲಿಲ್ಲ. ಬಂದವರಿಗೆ ಮರ ಮುಗಿದಿದೆ ಎಂದು ಹೇಳಿ ಕಳಿಸಿದರು. ಹಡಗು ಬಂದ ಸುದ್ದಿ, ಬೊಂಬಾಯಿಯ ತಂತಿ, ಎಲ್ಲವನ್ನೂ ಬೇರೆಯವರಿಂದ ಕೇಳಿ ತಿಳಿದರು.

ಅಬ್ಬಾಸರು ಹಾಜಿಯಾಗಿ ಮರಳಿದ ಸಂಜೆ ಊರಿನವರೆಲ್ಲ ನೋಡಲು ಹೋದರು. ಹೈದರ್ ಕೊನೆಗೆ ಹೋದರು. ಅವರನ್ನು ಹೊರಗಿನ ಕೋಣೆಯಲ್ಲಿ, ನೆಂಟರಿಗೆಂದು ಹಾಕಿದ ಕುರ್ಚಿಯಲ್ಲಿ ಕೂರಿಸಿದರು. ಅಡುಗೆಮನೆಯಿಂದ ಅಲೀಮಮ್ಮನ ದನಿ ಕೇಳುತ್ತಿತ್ತು. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅಬ್ಬಾಸರೇ ಖರ್ಜೂರ ತಂದು ಕೊಟ್ಟರು, ಸಣ್ಣ ಲೋಟದಲ್ಲಿ ಮಕ್ಕಾದಿಂದ ತಂದ ಜಮ್‌ಜಮ್ ನೀರು ಕೊಟ್ಟರು.

"ಅಬ್ಬಾಸಾಕ, ಆ ದಿನ ನನಗೆ ಒಂದೂ ಕೇಳ್ಲಿಲ್ಲ. ಮಿಶನು ಇರ್ಲಿಲ್ಲ ಬಾಗಿಲಲ್ಲಿ. ನಾನೇ ಬೆಣೆ..."

"ಗೊತ್ತುಂಟು. ಜತ್ತಪ್ಪ ದಾರಿಯಲ್ಲೇ ಹೇಳಿದ."

"ಹಾಗಾದರೆ?"

ಅಬ್ಬಾಸರ ದನಿಯಲ್ಲಿ ಸಿಟ್ಟಿರಲಿಲ್ಲ. "ಗಾಜಿನಲ್ಲಿ ಮಾತು ಕೇಳುದಿಲ್ಲ ಹೈದರ್. ಮುಖ ಕಾಣ್ತದೆ. ನಿಮ್ಮ ಮುಖ ನಾನು ನೋಡಿದೆ." ತಟ್ಟೆ ಮುಂದಕ್ಕೆ ಸರಿಸಿ, "ತೆಗೊಳ್ಳಿ, ಇನ್ನೊಂದು ಖರ್ಜೂರ ತೆಗೊಳ್ಳಿ," ಎಂದರು.

ಬೆಣೆಯ ವಿಷಯ ವಿವರಿಸಲು ಸಿದ್ಧರಾಗಿ ಬಂದಿದ್ದ ಹೈದರರಿಗೆ ಮುಖದ ವಿಷಯ ವಿವರಿಸಲು ತಿಳಿಯಲಿಲ್ಲ. ಹೆಜ್ಜೆ ಇಡುವವನಿದ್ದೆ ಎನ್ನಲು ಬಾಯಿ ತೆರೆದರು. ಅದು ನಿಜವೋ ಸುಳ್ಳೋ ಅವರಿಗೇ ಖಾತ್ರಿಯಾಗಲಿಲ್ಲ.

ಮನೆಯಲ್ಲಿ ನಫೀಸಮ್ಮ ಹೊಸ್ತಿಲಲ್ಲೇ ಕಾಯುತ್ತಿದ್ದರು.

"ಎಂತ ಹೇಳಿದರು?"

"ಖರ್ಜೂರ ಕೊಟ್ಟರು," ಎಂದರು ಹೈದರ್.