ಅಮಾವಾಸ್ಯೆಯ ಹಾಜರಿ

ಸಹೋದ್ಯೋಗಿಯೊಬ್ಬರು ಡಬ್ಬಿಯ ಮುಚ್ಚಳ ತೆಗೆದಾಗ ಸುದ್ದಿಮನೆಯ ತುಂಬ ಶೇಂಗಾ ಹೋಳಿಗೆಯ ವಾಸನೆ ಹರಡಿತು. ಹುರಿದ ಶೇಂಗಾ, ಬೆಲ್ಲ, ತುಸು ಏಲಕ್ಕಿ. ಎಳ್ಳ ಅಮಾವಾಸ್ಯೆಗೆ ಇನ್ನೂ ಎರಡು ದಿನ ಇತ್ತು. ನಾನು ಒಂದು ಹೋಳಿಗೆ ತೆಗೆದುಕೊಂಡು ಹಳೆಯ ಕಾಗದದ ಮೇಲೆ ಇಟ್ಟೆ. ಪರದೆಯ ಮೇಲೆ ಟಿಕೋಟಾದ ವರದಿಗಾರ ಕಳಿಸಿದ ನಿಧನ ವಾರ್ತೆ ಇತ್ತು. ನಿವೃತ್ತ ಮುಖ್ಯ ಶಿಕ್ಷಕಿ, ಮೂರು ಸಾಲು. ಹೆಸರಿನಿಂದ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಅವರನ್ನು ಕರೆದದ್ದು ಅಕ್ಕೋರು ಎಂದು ಮಾತ್ರ.

ಪದವಿ ಮುಗಿಸಿದ ವರ್ಷ ನಾನು ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿದ್ದ ಒಂದು ಸಂಸ್ಥೆಯಲ್ಲಿ ಇಂಟರ್ನ್ ಆಗಿದ್ದೆ. ಕೆಳಗೆ ಟ್ರ್ಯಾಕ್ಟರ್ ರಿಪೇರಿ, ಮೇಲೆ ನಮ್ಮ ಕಚೇರಿ. ಸರಕಾರಿ ಶಾಲೆಗಳ ಪರವಾಗಿ ಇಲಾಖೆಗೆ ವರದಿ ಕೊಡುವುದು ಸಂಸ್ಥೆಯ ಕೆಲಸ. ಸಣ್ಣ ಶಾಲೆಗಳನ್ನು ಮುಚ್ಚಬೇಡಿ, ಅವಕ್ಕೆ ಶಿಕ್ಷಕರನ್ನು ಕೊಡಿ ಎಂಬುದು ಆ ವರ್ಷದ ಬೇಡಿಕೆ. ಇಂಟರ್ನ್‌ಗಳು ಮುಂಚೆ ತಿಳಿಸದೆ ಶಾಲೆಗೆ ಹೋಗಿ, ಒಳಗಿದ್ದ ಮಕ್ಕಳನ್ನು ಎಣಿಸಿ ನಮೂನೆ ತುಂಬಬೇಕಿತ್ತು. ಕಾರಣ ಬರೆಯಬಾರದು. ಬರೆದರೆ ನೆಪ ಹೇಳಿದಂತೆ ಕಾಣುತ್ತದೆ ಎಂದಿದ್ದರು ಸಂಸ್ಥೆಯ ಮುಖ್ಯಸ್ಥರು. ಭೇಟಿಯ ದಿನಗಳನ್ನು ಅವರೇ ಕ್ಯಾಲೆಂಡರ್ ನೋಡಿ ಗೊತ್ತುಮಾಡಿದ್ದರು. ಎಳ್ಳ ಅಮಾವಾಸ್ಯೆ ಅದರಲ್ಲಿ ರಜೆಯ ಕೆಂಪಿನಲ್ಲಿರಲಿಲ್ಲ.

ಟಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವ ಹಾದಿಯಲ್ಲಿ, ದ್ರಾಕ್ಷಿ ತೋಟಗಳ ನಡುವೆ, ಹೊಲದ ಮನೆಗಳ ವಸ್ತಿಯ ಶಾಲೆ ಆ ದಿನ ನನ್ನ ಪಾಲಿಗೆ ಬಂದಿತ್ತು. ಎರಡು ಕೋಣೆ, ಒಂದು ಬೇವಿನ ಗಿಡ. ಅಕ್ಕೋರು ಕಟ್ಟೆಯ ಮೇಲೆ ಕೂತು ನಾಲ್ಕು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ನನ್ನ ಕೈಯ ನಮೂನೆ ನೋಡಿ ನಕ್ಕರು.

"ಅಮಾಸಿ ದಿನಾ ಎಣಸಾಕ ಬಂದೀರಲ್ರಿ. ನನ್ನೂ ಹಿಡಿದು ಎಣಸ್ರಿ, ಐದ ಮಂದಿ ಆಗತೇವಿ."

ಸ್ಥಳೀಯ ರಜೆ ಕೊಡಬಹುದಿತ್ತಲ್ಲ ಎಂದು ಕೇಳಿದೆ. ಮಳೆಗೆ ಹಾದಿ ಕಿತ್ತುಹೋದಾಗಲೇ ಆ ವರ್ಷದ ಸ್ಥಳೀಯ ರಜೆಗಳೆಲ್ಲ ಮುಗಿದಿದ್ದವು ಎಂದರು. ನನ್ನ ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಹೋಳಿಗೆ ಇತ್ತು. ಇಬ್ಬರೂ ತಿಂದೆವು. ತಿಂದ ಮೇಲೆ ಅವರು "ರಿ" ಬಿಟ್ಟು "ತಂಗಿ" ಎನ್ನತೊಡಗಿದರು.

ಉಳಿದ ಮಕ್ಕಳು ಕಣ್ಣಿಗೆ ಕಾಣುತ್ತಿದ್ದರು. ಎದುರಿನ ಜೋಳದ ಹೊಲದಲ್ಲಿ ಮನೆಮಂದಿಯೆಲ್ಲ ಭೂಮಿತಾಯಿಗೆ ಎಡೆಯ ಅಡುಗೆಯನ್ನು ಚರಗ ಚೆಲ್ಲುತ್ತಿದ್ದರು, ಮಕ್ಕಳು ಹಿಂದೆ ಕೂಗುತ್ತ ಓಡುತ್ತಿದ್ದರು.

"ಆ ಕೆಂಪ ಸ್ವೆಟರಿನಾಕಿ ಮೂರನೇ ಕ್ಲಾಸಿನಾಕಿ. ಒಂದ ದಿನಾ ಸಾಲಿ ತಪ್ಪಸಾಕಿ ಅಲ್ಲ. ಕರದ್ರ ಬರತಾಳ, ಕರೀಲೇನು?"

"ಬ್ಯಾಡ್ರಿ ಅಕ್ಕೋರ. ಸಾಲಿ ಒಳಗ ಇದ್ದೋರನ್ನಷ್ಟ ಎಣಸಬೇಕ್ರಿ."

"ಹಂಗಾರ ಅಂಚಿನ್ಯಾಗ ಒಂದ ಸಾಲ ಬರಿ. ಇವತ್ತ ಅಮಾಸಿ, ಹುಡುಗೂರು ಹೊಲಕ್ಕ ಹೋಗ್ಯಾವ ಅಂತ. ಇಲ್ಲಂದ್ರ ಈ ಸಾಲಿ ಉಳಿಯೂದಿಲ್ಲ ತಂಗಿ."

ನಮೂನೆಯಲ್ಲಿ ಜಾಗ ಇಲ್ಲ ಎಂದೆ. ಜಾಗ ಇತ್ತು, ಎರಡು ಬೆರಳಗಲ. ಅವರು ಅದನ್ನು ನೋಡಿದರು. ನಾಲ್ಕು ಎಂಬ ಅಂಕಿಯ ಕೆಳಗೆ ಸಹಿ ಮಾಡಿದರು...

ವರದಿ ಚೆನ್ನಾಗಿ ಬಂತು. ಸಣ್ಣ ಶಾಲೆಗಳು ಯಾಕೆ ಬೇಕು ಎಂಬುದಕ್ಕೆ ಮೊದಲ ಪುಟಗಳು, ಶಾಲಾವಾರು ಹಾಜರಿಯ ಕೋಷ್ಟಕಕ್ಕೆ ಕೊನೆಯ ಪುಟಗಳು. ಮುಂದಿನ ಬೇಸಿಗೆಯಲ್ಲಿ ವಸ್ತಿ ಶಾಲೆಯನ್ನು ರಸ್ತೆಯಾಚೆಯ ದೊಡ್ಡ ಶಾಲೆಯಲ್ಲಿ ವಿಲೀನ ಮಾಡುವ ಆದೇಶ ಬಂತು. ನನ್ನ ಎಣಿಕೆಯಿಂದಲೇ ಅದು ಮುಚ್ಚಿತು ಎನ್ನಲು ಆಧಾರವಿಲ್ಲ. ಆದೇಶದಲ್ಲಿ ನಮ್ಮ ವರದಿಯ ಕೊನೆಯ ಪುಟದ ಉಲ್ಲೇಖವಿತ್ತು. ಅಷ್ಟು ಗೊತ್ತು.

ಅಕ್ಕೋರು ಒಮ್ಮೆ ಫೋನ್ ಮಾಡಿದ್ದರು.

"ತಂಗಿ, ಸಾಲಿ ಕೀಲಿ ಯಾರ ಕಡೆ ಕೊಡಬೇಕು, ನಿಮಗೇನರ ಗೊತ್ತೈತೇನು?"

ನಮಗೆ ಸಂಬಂಧವಿಲ್ಲ, ಇಲಾಖೆಯ ಕಚೇರಿಯಲ್ಲಿ ಕೇಳಿ ಎಂದೆ. ಹೂಂ ಅಂದರು. ಕೆಂಪು ಸ್ವೆಟರಿನ ಹುಡುಗಿಯನ್ನು ರಸ್ತೆ ದಾಟಿಸಲು ಮನೆಯವರು ಅಂಜುತ್ತಾರೆ, ಅವಳು ಮನೆಯಲ್ಲೇ ಇದ್ದಾಳೆ ಎಂದರು. ನಮೂನೆಯ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾದೆ. ಅವರು ಎತ್ತಲೇ ಇಲ್ಲ. ಅವ್ವ ಅರಾಮ ಅದಾರೇನು ಎಂದು ಕೇಳಿ ಇಟ್ಟರು... ಆಮೇಲೆ ನಾನು ಫೋನ್ ಮಾಡಲಿಲ್ಲ. ಇದೇ ಜಿಲ್ಲೆಯಲ್ಲಿ ಇಷ್ಟು ವರ್ಷ ಇದ್ದೂ ಆ ಹಾದಿ ಹಿಡಿಯಲಿಲ್ಲ.

ಪುಟ ಕಟ್ಟುವವನು ಬಬಲೇಶ್ವರದವನು. ಕುರ್ಚಿ ತಿರುಗಿಸಿ ಹೇಳಿದ, "ನಿಧನ ಕಾಲಮ್ಮಿಗೆ ಒಂದ ಸಾಲ ಕಡಿಮಿ ಬೀಳಾಕತ್ತೈತ್ರಿ ಮೇಡಂ. ಏನರ ಸೇರಸ್ರಿ."

ಅವರು ಯಾವ ವಸ್ತಿಯ ಶಾಲೆಯಲ್ಲಿ ಸೇವೆ ಸಲ್ಲಿಸಿದ್ದರು ಎಂಬುದನ್ನು ಸೇರಿಸಿದೆ. ಅವನು ಓದಿ ತಲೆ ಎತ್ತಿದ.

"ಆ ಹಾದ್ಯಾಗ ಸಾಲಿ ಎಲ್ಲೈತ್ರಿ? ನಾ ದಿನಾ ಅಡ್ಡಾಡತೇನಿ."

"ಇತ್ತು," ಅಂದೆ.

ಅವನು ಪುಟ ಕಳಿಸಿದ. ಹೋಳಿಗೆ ಇಟ್ಟಲ್ಲೇ ಇತ್ತು. ಅದರ ಎಣ್ಣೆ ಕಾಗದದ ಅಂಚಿನವರೆಗೆ ಇಳಿದಿತ್ತು.