ವೇದಿಕೆಯಲ್ಲಿ ಮಲ್ಲಮ್ಮ ಹೇಳಿದ ಹೆಸರು

ಶಹಾಪುರದಲ್ಲಿ ನನಗೆ ವಾಣಿಜ್ಯ ವರದಿಗಾರಿಕೆಯ ಪ್ರಶಸ್ತಿ ಕೊಡುತ್ತಿದ್ದಾಗ, ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನೇರವಾಗಿ ವೇದಿಕೆಗೆ ಬಂದರು. ದೇವಾಪುರದ ರೈತ ಮಹಿಳೆ ಮಲ್ಲಮ್ಮ! ಕಾಲುವೆ ಭಾಗದ ಭತ್ತದ ಖರೀದಿಯಲ್ಲಿ ತೂಕದ ಮೋಸ ನಡೆಯುತ್ತಿದೆ ಎಂದು ನನಗೆ ತಿಳಿಸಿದವರು ಅವರೇ. ವ್ಯಾಪಾರಿಗಳಿಗೆ ಹೆದರಿ, ಹೆಸರು ಬರೆಯಬೇಡಿ ಎಂದಿದ್ದರು. ವರದಿ ಬಂದ ಮೇಲೆ ತಕ್ಕಡಿಗಳು ಬದಲಾದವು. ಹೇಳಿದವರು ಯಾರೆಂದು ಎಷ್ಟೋ ಮಂದಿ ಗದರಿಸಿ ಕೇಳಿದರೂ ನಾನು ಬಾಯಿ ಬಿಟ್ಟಿರಲಿಲ್ಲ.

ಮಲ್ಲಮ್ಮ ಮೈಕ್ ಹಿಡಿದರು. "ತೂಕದ ಸುದ್ದಿ ಹೇಳಿದಾಕಿ ನಾನೇ ರೀ, ದೇವಾಪುರದ ಮಲ್ಲಮ್ಮ. ಈ ಅಕ್ಕಾರು ನನ್ನ ಹೆಸರು ಯಾರಿಗೂ ಬಿಟ್ಟುಕೊಡಲಿಲ್ಲ. ಇವತ್ತ ನಾನೇ ಹೇಳಾಕತ್ತೇನಿ."

ಮುಂದಿನ ಸಾಲಿನಲ್ಲಿ ವ್ಯಾಪಾರಿಗಳೂ ಕುಳಿತಿದ್ದರು. ಅವರ ಎದುರಿಗೇ ನನ್ನ ಪಕ್ಕ ನಿಂತ ಆ ತಾಯಿಗೆ ನಾನು ಇಂದಿಗೂ ಋಣಿ.